ಹಿಂದೂಪುರದ ಏರುದಾರಿಯಲ್ಲಿ ಉಗಿಬಂಡಿ

ಗುಂತಕಲ್ಲಿನಿಂದ ಧರ್ಮಾವರ, ಪೆನುಕೊಂಡ, ಹಿಂದೂಪುರಗಳ ಮೇಲಾಗಿ ಬೆಂಗಳೂರಿಗೆ ಬರುವ ರೈಲುಹಾದಿ 1892–93ರಲ್ಲಿ ಸಂಚಾರಕ್ಕೆ ತೆರೆಯಿತು. ಮೀಟರ್‌ಗೇಜಿನ ಈ ಹಾದಿಯನ್ನು ಹಾಕಿದ್ದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಹಿಂದೂಪುರದ ದಕ್ಷಿಣಕ್ಕೆ, ಮೈಸೂರು ಗಡಿಯಿಂದ ಯಶವಂತಪುರದವರೆಗಿನ ಸುಮಾರು 51 ಮೈಲಿ ಮೈಸೂರು ಸಂಸ್ಥಾನದ ಸ್ವತ್ತಾಗಿತ್ತು. ಬಂಡಿ ಓಡಿಸುವ ಹೊಣೆ ಮಾತ್ರ ಕಂಪನಿಯದು. ಹಿಂದೂಪುರ ಸಮುದ್ರಮಟ್ಟದಿಂದ ಸುಮಾರು 620 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 920 ಮೀಟರ್ ಎತ್ತರದಲ್ಲಿ. ದಕ್ಷಿಣಕ್ಕೆ ಹೊರಟ ಪ್ರತಿಯೊಂದು ಬಂಡಿಯೂ ನೂರು ಕಿಲೋಮೀಟರ್ ದೂರದಲ್ಲಿ ಮುನ್ನೂರು ಮೀಟರ್ ಮೇಲೇರಬೇಕಿತ್ತು. ಆ ಏರಿಗೆ ಬೇಕಾದ ಬಲ ಬಂದದ್ದು ಎಂಜಿನ್ನಿನ ಹೊಟ್ಟೆಯಲ್ಲಿ ಉರಿಯುತ್ತಿದ್ದ ಸೌದೆ ಮತ್ತು ಕಲ್ಲಿದ್ದಲಿನಿಂದ.

ಈ ಹಾದಿ ಹುಟ್ಟಿದ್ದು ಬರಗಾಲದ ಕಾರಣಕ್ಕೆ. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಧಾತು–ಈಶ್ವರ ಸಂವತ್ಸರಗಳ ಬರವೆಂದು ಜನರ ನಾಲಿಗೆಯಲ್ಲಿ ಉಳಿದ ಆ ಎರಡು ವರ್ಷಗಳಲ್ಲಿ ಬಳ್ಳಾರಿ, ಕರ್ನೂಲು ಜಿಲ್ಲೆಗಳೂ ಮೈಸೂರು ಸಂಸ್ಥಾನವೂ ತತ್ತರಿಸಿದವು. ಈ ಹಾದಿ ಹಾಯುವ ಅನಂತಪುರ ಆಗಿನ್ನೂ ಬಳ್ಳಾರಿ ಜಿಲ್ಲೆಯೊಳಗೇ ಇತ್ತು. ಬೇರೆ ಜಿಲ್ಲೆಯಾದದ್ದು 1882ರಲ್ಲಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದದ್ದು 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಈ ಅಂಕಿಯ ಮುಂದೆ ಬೇರೆ ಮಾತು ಬೇಕಿಲ್ಲ.

ಬೇರೆ ಸೀಮೆಗಳಲ್ಲಿ ಧಾನ್ಯ ಇತ್ತು. ಮದ್ರಾಸಿನ ಬಂದರಿಗೆ ಹಡಗುಗಳಲ್ಲಿ ಅಕ್ಕಿ ಬಂದಿಳಿಯುತ್ತಲೂ ಇತ್ತು. ಆದರೆ ರೈಲು ಮುಟ್ಟದ ಒಳನಾಡಿಗೆ ಅದನ್ನು ಒಯ್ಯಬೇಕಾದದ್ದು ಎತ್ತಿನ ಗಾಡಿ. ಬೆಂಗಳೂರಿನ ಉತ್ತರಕ್ಕೆ ಬಾಗೇಪಲ್ಲಿ, ಕೊಡಿಕೊಂಡ, ಪೆನುಕೊಂಡಗಳನ್ನು ಪೋಣಿಸಿಕೊಂಡು ಹೋಗುವ ದಾರಿಯಾಗಲಿ, ಮಡಕಶಿರಾ, ಕಲ್ಯಾಣದುರ್ಗದ ಕಡೆಯ ದಾರಿಗಳಾಗಲಿ ಎಲ್ಲವೂ ಗಾಡಿಯದೇ ದಾರಿಗಳು. ಒಂದು ಜೋಡಿ ಎತ್ತು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ನಡೆದೀತು, ಒಂದು ಟನ್ನಿಗಿಂತ ಕಡಿಮೆ ಹೊರೆ ಎಳೆದೀತು. ಆ ಎತ್ತಿಗೆ ಬೇಕಾದ ಮೇವು, ನೀರು ಅದೇ ನೆಲದ್ದು, ಅದೇ ವರ್ಷದ ಮಳೆಯದು. ಮಳೆ ಹೋದಾಗ ಕಾಳಿನ ಜೊತೆಗೆ ಮೇವೂ ಹೋಯಿತು, ಎತ್ತುಗಳು ಸತ್ತವು, ಗಾಡಿಗಳು ನಿಂತವು. ಸಾಗಾಣಿಕೆ ಯಾವಾಗ ಅತಿ ಅಗತ್ಯವೋ ಆಗಲೇ ಸಾಗಾಣಿಕೆಯ ಬಲ ಇಲ್ಲವಾಗುವುದು ಎತ್ತಿನ ಗಾಡಿಯ ಮೂಲ ದೌರ್ಬಲ್ಯ. ಉಗಿಯ ಎಂಜಿನ್ ಈ ಬಯಲುಸೀಮೆಯಲ್ಲಿ ತಂದ ನಿಜವಾದ ಬದಲಾವಣೆ ಇಲ್ಲಿದೆ. ಅದರ ವೇಗಕ್ಕಿಂತ ಅದರ ಉರುವಲು ಮುಖ್ಯ: ಆ ವರ್ಷದ ಹುಲ್ಲನ್ನು ನೆಚ್ಚದೆ ಓಡಬಲ್ಲ ಮೊದಲ ವಾಹನ ಅದು.

1880ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗ ದೇಶಕ್ಕೆ ಒಟ್ಟು 20,000 ಮೈಲಿ ರೈಲುಹಾದಿ ಬೇಕೆಂದೂ ಅದರಲ್ಲಿ 5,000 ಮೈಲಿ ತುರ್ತಾಗಿ ಆಗಬೇಕೆಂದೂ ಹೇಳಿತು. ಬರಪೀಡಿತ ದಖ್ಖನಿನಲ್ಲಿ ಅಂಥ ಹಾದಿಗಳನ್ನು ಹಾಕಲೆಂದೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಅದರ ದೊಡ್ಡ ಕಾರ್ಖಾನೆ 1885ರಲ್ಲಿ ಹುಬ್ಬಳ್ಳಿಯಲ್ಲಿ ಎದ್ದಿತು. ಸಾಲದ ಭಾರದಲ್ಲಿದ್ದ ಮೈಸೂರು ಸರ್ಕಾರ 1886ರಲ್ಲಿ ತನ್ನ ರೈಲುಗಳನ್ನೂ ಅದೇ ಕಂಪನಿಯ ಕೈಗೆ ಕೊಟ್ಟಿತು. ಬೆಂಗಳೂರು–ಹರಿಹರ ಮಾರ್ಗ 1889ರಲ್ಲಿ ಮುಗಿಯಿತು, ಅದರ ಹಿಂದೆಯೇ ಹಿಂದೂಪುರದ ಮಾರ್ಗ. ಬರಕ್ಕೆ ಧಾನ್ಯ ತರಬಲ್ಲ ಹಾದಿ ಸುಗ್ಗಿಯಲ್ಲಿ ಧಾನ್ಯವನ್ನು ಬಂದರಿಗೆ ಒಯ್ಯಲೂ ಬಲ್ಲದು, ಮತ್ತು ಒಯ್ದಿತು. ಹಳ್ಳಿಯ ಹಗೇವುಗಳು ಖಾಲಿಯಾಗುವುದಕ್ಕೆ ರೈಲೂ ಒಂದು ಕಾರಣವೆಂಬ ಟೀಕೆಯನ್ನು ಈ ಕಥೆಯಿಂದ ಬಿಡುವ ಹಾಗಿಲ್ಲ.

ಹಾದಿ ಎಲ್ಲಿ ಹೋಗಬೇಕೆಂಬುದನ್ನು ಬಹುಮಟ್ಟಿಗೆ ಎಂಜಿನ್ನೇ ನಿರ್ಧರಿಸಿತು. ನುಣುಪಾದ ಉಕ್ಕಿನ ಹಳಿಯ ಮೇಲೆ ನುಣುಪಾದ ಉಕ್ಕಿನ ಚಕ್ರ ಉರುಳುವಾಗ ತಡೆ ತೀರ ಕಡಿಮೆ. ಆದ್ದರಿಂದಲೇ ಒಂದು ಎಂಜಿನ್ ನೂರಾರು ಟನ್ ಎಳೆಯುತ್ತದೆ. ಆದರೆ ಅದೇ ನುಣುಪಿನಿಂದಾಗಿ ಏರು ಕಡಿದಾದರೆ ಚಕ್ರ ಜಾರುತ್ತದೆ. ಗಾಡಿ ಹತ್ತುವ ದಿಬ್ಬವನ್ನು ರೈಲು ಹತ್ತಲಾರದು. ಹೀಗಾಗಿ ಕೊಡಿಕೊಂಡದ ದಾರಿಯನ್ನು ಪೂರ್ವಕ್ಕೆ ಬಿಟ್ಟು, ನಂದಿಬೆಟ್ಟಗಳ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹಿಂದೂಪುರದ ಕಡೆಗೆ ಹರಿಯುವ ಉತ್ತರ ಪಿನಾಕಿನಿಯ ಕಣಿವೆಯನ್ನು ಹಳಿ ಹಿಡಿಯಿತು. ನದಿ ಸಾವಿರಾರು ವರ್ಷ ಸವೆಸಿದ ಇಳಿಜಾರು ರೈಲಿಗೆ ಒಗ್ಗುವ ಇಳಿಜಾರು. ಗೌರಿಬಿದನೂರು, ತೊಂಡೇಬಾವಿ ದಾಟಿ ಮಾಕಳಿದುರ್ಗದ ಬಳಿ ಬೆಟ್ಟಗಳ ನಡುವೆ ನುಗ್ಗಿ ದೊಡ್ಡಬಳ್ಳಾಪುರದ ಮೇಲ್ನಾಡನ್ನು ಸೇರುವ ಭಾಗವೇ ಈ ಹಾದಿಯ ನಿಜವಾದ ಏರು.

ಉರುವಲಿನ ವಿಷಯಕ್ಕೆ ಬಂದರೆ, ದಕ್ಷಿಣ ಭಾರತದ ರೈಲುಗಳು ಮೊದಲ ದಶಕಗಳಲ್ಲಿ ಓಡಿದ್ದು ಬಹುಪಾಲು ಸೌದೆಯ ಮೇಲೆ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವ ಕಲ್ಲಿದ್ದಲು ದುಬಾರಿ. ಬಂಗಾಳದ ರಾಣಿಗಂಜಿನ ಕಲ್ಲಿದ್ದಲೂ ದೂರದ್ದೇ. ಮದ್ರಾಸಿನ ಕರಾವಳಿಯಲ್ಲಿ ಎಂಜಿನ್ನುಗಳಿಗಾಗಿ ಗಾಳಿಮರದ ತೋಪುಗಳನ್ನು ಬೆಳೆಸಿದರು. ಒಳನಾಡಿನಲ್ಲಿ ಇದ್ದ ಕುರುಚಲು ಕಾಡುಗಳನ್ನೇ ಕಡಿದರು. ಒಣ ಸೌದೆ ಕಿಲೋಗ್ರಾಮಿಗೆ ಸುಮಾರು 15 ಮೆಗಾಜೂಲ್ ಶಾಖ ಕೊಡುತ್ತದೆ, ಹಸಿ ಇದ್ದರೆ ಇನ್ನೂ ಕಡಿಮೆ. ನಮ್ಮ ದೇಶದ ಕಲ್ಲಿದ್ದಲು 20ರ ಆಸುಪಾಸು ಕೊಡುತ್ತದೆ. ಅಷ್ಟೇ ಜಾಗದಲ್ಲಿ ಸೌದೆಗಿಂತ ಹೆಚ್ಚು ತೂಕದ ಕಲ್ಲಿದ್ದಲು ಹಿಡಿಯುತ್ತದೆ ಎಂಬುದು ಅದಕ್ಕಿಂತ ದೊಡ್ಡ ಅನುಕೂಲ, ಏಕೆಂದರೆ ಎಂಜಿನ್ ತನ್ನ ಉರುವಲನ್ನು ತಾನೇ ಹೊತ್ತು ಸಾಗಬೇಕು.

ದಕ್ಷಿಣಕ್ಕೆ ಹತ್ತಿರದ ಕಲ್ಲಿದ್ದಲು ಸಿಕ್ಕಿದ್ದು ಹೈದರಾಬಾದ್ ಸಂಸ್ಥಾನದ ಯಲ್ಲಂದು ಪ್ರದೇಶದಲ್ಲಿ. ಭೂವಿಜ್ಞಾನ ಸರ್ವೇಕ್ಷಣೆಯ ವಿಲಿಯಂ ಕಿಂಗ್ 1871ರಲ್ಲಿ ಅದನ್ನು ಗುರುತಿಸಿದ. 1889ರಲ್ಲಿ ಗಣಿಗಾರಿಕೆ ಶುರುವಾಯಿತು. ಅಲ್ಲಿನ ಹಳ್ಳಿಯೊಂದರ ಹೆಸರಿನಿಂದ ಸಿಂಗರೇಣಿ ಕಲ್ಲಿದ್ದಲು ಎಂದು ಹೆಸರಾದ ಇದು ದಕ್ಷಿಣದ ರೈಲುಗಳ ಮುಖ್ಯ ಉರುವಲಾಯಿತು. ಇದು ಗೊಂಡ್ವಾನ ಕಾಲದ ಕಲ್ಲಿದ್ದಲು. ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾಗಳು ಒಂದೇ ಭೂಖಂಡವಾಗಿದ್ದಾಗ, 25 ಕೋಟಿ ವರ್ಷಕ್ಕೂ ಹಿಂದೆ, ಜೌಗು ನೆಲದಲ್ಲಿ ಬೆಳೆದ ಗ್ಲಾಸಾಪ್ಟೆರಿಸ್ ಜಾತಿಯ ಮರಗಳು ಕೆಸರಿನಡಿ ಹೂತು, ಒತ್ತಡಕ್ಕೂ ಬಿಸಿಗೂ ಸಿಕ್ಕಿ ಕಪ್ಪು ಕಲ್ಲಾದವು. ಎಲೆಗಳು ಬಿಸಿಲಿನ ಸಹಾಯದಿಂದ ಗಾಳಿಯ ಇಂಗಾಲವನ್ನು ಹಿಡಿದು ಮರವಾಗಿಸಿದಾಗ ಕೂಡಿಟ್ಟ ಶಕ್ತಿಯೇ ಕಲ್ಲಿದ್ದಲಿನಲ್ಲಿರುವುದು. ಅನಂತಪುರದ ನೆಲ ಎರಡು ವರ್ಷ ಹನಿ ಕಾಣದೆ ಒಣಗಿದರೂ ಆ ಹಳೆಯ ಬಿಸಿಲಿಗೆ ಏನೂ ಆಗುವುದಿಲ್ಲ.

ಆ ಶಕ್ತಿಯನ್ನು ಹೊರತೆಗೆಯುವ ಕೆಲಸ ಎಂಜಿನ್ನಿನ ಹಿಂಬದಿಯ ಫೈರ್‌ಬಾಕ್ಸಿನಲ್ಲಿ ನಡೆಯುತ್ತದೆ. ಅದು ಕಬ್ಬಿಣದ ಸರಳುಗಳ ತಳವಿರುವ ಪೆಟ್ಟಿಗೆ. ಸುತ್ತಲೂ ಮೇಲೂ ನೀರು. ಕೆಂಡದ ಹಾಸಿನ ಮೇಲೆ ಹೊಸ ಕಲ್ಲಿದ್ದಲು ಬಿದ್ದೊಡನೆ ಮೊದಲು ಅದರೊಳಗಿನ ಅನಿಲಗಳು ಹೊರಬಂದು ಉದ್ದನೆಯ ಜ್ವಾಲೆಯಾಗಿ ಉರಿಯುತ್ತವೆ. ಉಳಿದ ಇಂಗಾಲ ಕೆಳಗಿನಿಂದ ಬರುವ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನಿಧಾನವಾಗಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಜ್ವಾಲೆಗೆ ಸಾಕಷ್ಟು ಗಾಳಿ, ಸಾಕಷ್ಟು ಹೊತ್ತು ಸಿಗಬೇಕು. ಅದಕ್ಕೆಂದೇ ಒಳಗೆ ಇಟ್ಟಿಗೆಯ ಕಮಾನು ಕಟ್ಟಿ ಜ್ವಾಲೆ ನೇರವಾಗಿ ಮುಂದಕ್ಕೆ ಓಡದೆ ಸುತ್ತಿ ಬರುವಂತೆ ಮಾಡಿದ್ದರು. ಚಿಮಣಿಯಿಂದ ದಟ್ಟ ಕಪ್ಪು ಹೊಗೆ ಏಳುತ್ತಿದ್ದರೆ ಬೆಂಕಿ ಜೋರಾಗಿದೆಯೆಂದು ನೋಡುವವರು ಅಂದುಕೊಳ್ಳುತ್ತಾರೆ. ನಿಜದಲ್ಲಿ ಅದು ಉರಿಯದೆ ಹೋಗುತ್ತಿರುವ ಇಂಗಾಲ. ಚೆನ್ನಾಗಿ ಉರಿಯುವ ಎಂಜಿನ್ನಿನ ಹೊಗೆ ತೆಳು ಬೂದುಬಣ್ಣದ್ದು.

ಇದೆಲ್ಲ ನಿಂತಿದ್ದದ್ದು ಫೈರ್‌ಮನ್ನನ ಕೈಯ ಮೇಲೆ. ಓಡುವ ಎಂಜಿನ್ನಿನ ಕುಲುಕಾಟದಲ್ಲಿ ಕಾಲೂರಿ ನಿಂತು, ಬಾಗಿಲು ತೆರೆದ ಕ್ಷಣದಲ್ಲಿ ಸಲಿಕೆಯ ಕಲ್ಲಿದ್ದಲನ್ನು ಬೆಂಕಿ ಎಲ್ಲಿ ತೆಳುವಾಗಿದೆಯೋ ಅಲ್ಲಿಗೆ ಬೀಳುವಂತೆ ಎಸೆಯಬೇಕು. ಒಮ್ಮೆಗೇ ಹೆಚ್ಚು ಸುರಿದರೆ ಬೆಂಕಿ ಉಸಿರುಗಟ್ಟುತ್ತದೆ. ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ತಣ್ಣನೆ ಗಾಳಿ ನುಗ್ಗಿ ಕೊಳವೆಗಳು ಸೋರತೊಡಗುತ್ತವೆ. ಗೊಂಡ್ವಾನ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಹೆಚ್ಚು. ಅದು ಕರಗಿ ಕಿಟ್ಟವಾಗಿ ಸರಳುಗಳ ಸಂದು ಮುಚ್ಚಿದರೆ ಉದ್ದನೆಯ ಕಬ್ಬಿಣದ ಸಲಾಕೆಯಿಂದ ಒಡೆದು ತೆಗೆಯಬೇಕು. ಬೇಸಿಗೆಯಲ್ಲಿ ಅನಂತಪುರ ಜಿಲ್ಲೆಯ ಹೊರಗಾಳಿಯೇ 40 ಡಿಗ್ರಿ ಮುಟ್ಟುತ್ತದೆ. ಅದರ ನಡುವೆ ಸಾವಿರ ಡಿಗ್ರಿ ಮೀರಿದ ಬೆಂಕಿಯ ಬಾಯಿಯೆದುರು ಗಂಟೆಗಟ್ಟಲೆ ನಿಂತು ಟನ್‌ಗಟ್ಟಲೆ ಎತ್ತಿ ಹಾಕಿದವರ ಹೆಸರುಗಳು ರೈಲ್ವೆ ಚರಿತ್ರೆಗಳಲ್ಲಿ ಬರುವುದಿಲ್ಲ. ಬರಬೇಕಾಗಿತ್ತು.

ಬೆಂಕಿಯ ಶಾಖ ನೀರಿಗೆ ದಾಟುವುದು ಮುಂದಿನ ಘಟ್ಟ. 1829ರ ರೈಲು ಎಂಜಿನ್ನುಗಳ ಸ್ಪರ್ಧೆಯಲ್ಲಿ ರಾಬರ್ಟ್ ಸ್ಟೀಫನ್‌ಸನ್ನನ ‘ರಾಕೆಟ್’ ಎಂಜಿನ್ ಗೆದ್ದದ್ದು ಈ ಒಂದು ಘಟ್ಟದಲ್ಲಿ. ಅದಕ್ಕೂ ಮೊದಲಿನ ಬಾಯ್ಲರುಗಳಲ್ಲಿ ಬಿಸಿ ಅನಿಲ ಒಂದೋ ಎರಡೋ ದಪ್ಪ ಕೊಳವೆಯಲ್ಲಿ ಹಾದು ಹೋಗುತ್ತಿತ್ತು. ‘ರಾಕೆಟ್’ನಲ್ಲಿ 25 ತಾಮ್ರದ ಸಣ್ಣ ಕೊಳವೆಗಳು. ಕೊಳವೆ ಸಣ್ಣದಾಗಿ ಸಂಖ್ಯೆ ಹೆಚ್ಚಿದಷ್ಟೂ ಅನಿಲ ನೀರಿನ ಪಕ್ಕವನ್ನು ಹೆಚ್ಚು ತಾಗುತ್ತದೆ, ಶಾಖ ಬೇಗ ದಾಟುತ್ತದೆ. ಮುಂದಿನ ನೂರೈವತ್ತು ವರ್ಷದ ರೈಲು ಎಂಜಿನ್ನುಗಳೆಲ್ಲ ಈ ತತ್ತ್ವದವೇ. ಉರುಳೆಯಾಕಾರದ ಬಾಯ್ಲರ್ ತುಂಬ ನೀರು, ನೀರಿನ ನಡುವೆ ಹಿಂದಿನಿಂದ ಮುಂದಕ್ಕೆ ಹಾಯುವ ಕೊಳವೆಗಳ ಕಟ್ಟು.

ತೆರೆದ ಪಾತ್ರೆಯಲ್ಲಿ ನೀರು ನೂರು ಡಿಗ್ರಿಯಲ್ಲಿ ಕುದಿದು ಸುಮಾರು 1,700 ಪಟ್ಟು ಹಿಗ್ಗಿ ಉಗಿಯಾಗುತ್ತದೆ. ಮುಚ್ಚಿದ ಬಾಯ್ಲರಿನಲ್ಲಿ ಹಿಗ್ಗಲು ಜಾಗವಿಲ್ಲದ ಉಗಿ ಒತ್ತಡವಾಗಿ ಕೂಡುತ್ತದೆ. ಒತ್ತಡ ಏರಿದಂತೆ ಕುದಿಯುವ ಬಿಸಿಯೂ ಏರುತ್ತದೆ. 1950ರ ದಶಕದಿಂದ ದಕ್ಷಿಣದ ಮೀಟರ್‌ಗೇಜಿನಲ್ಲಿ ಬಹಳ ಬಳಕೆಗೆ ಬಂದ ವೈಜಿ ವರ್ಗದ ಎಂಜಿನ್ನಿನಲ್ಲಿ ಒತ್ತಡ ಚದರ ಅಂಗುಲಕ್ಕೆ 210 ಪೌಂಡ್. ಆ ಒತ್ತಡದಲ್ಲಿ ನೀರು ಕುದಿಯುವುದು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ. 1890ರ ದಶಕದ ಎಂಜಿನ್ನುಗಳ ಒತ್ತಡ ಇದಕ್ಕಿಂತ ತುಂಬ ಕಡಿಮೆ ಇತ್ತು, ಅವು ಎಳೆಯುತ್ತಿದ್ದ ಬಂಡಿಗಳೂ ಚಿಕ್ಕವು. ಇಷ್ಟು ಒತ್ತಡದ ಬಾಯ್ಲರಿಗೆ ಓಟದ ನಡುವೆಯೇ ನೀರು ಸೇರಿಸುವುದು ಹೇಗೆ ಎಂಬುದಕ್ಕೆ ಫ್ರಾನ್ಸಿನ ಆನ್ರಿ ಜಿಫಾರ್ 1858ರಲ್ಲಿ ಕಂಡುಹಿಡಿದ ಇಂಜೆಕ್ಟರ್ ಉತ್ತರ ಕೊಟ್ಟಿತು. ಬಾಯ್ಲರಿನದೇ ಉಗಿ ಸಣ್ಣ ಬಾಯಿಯಿಂದ ಅತಿವೇಗವಾಗಿ ನುಗ್ಗಿ ತಣ್ಣೀರಿನಲ್ಲಿ ನೀರಾಗಿ ಬೆರೆಯುತ್ತದೆ. ಆ ವೇಗ ಪಡೆದ ನೀರು ಅದೇ ಬಾಯ್ಲರಿನ ಒತ್ತಡವನ್ನು ಮೀರಿ ಒಳಹೋಗುತ್ತದೆ. ಚಲಿಸುವ ಭಾಗವೇ ಇಲ್ಲದ ಈ ಚಿಕ್ಕ ಉಪಕರಣಕ್ಕೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ. ಫೈರ್‌ಬಾಕ್ಸಿನ ನೆತ್ತಿಯ ಮೇಲೆ ನೀರು ಕಡಿಮೆಯಾದರೆ ಬರಿದಾದ ತಗಡು ಮೆತ್ತಗಾಗಿ ಬಾಯ್ಲರ್ ಸಿಡಿಯುವ ಅಪಾಯವಿತ್ತು. ಹೀಗಾಗಿ ಡ್ರೈವರನ ಕಣ್ಣು ಸದಾ ಗಾಜಿನ ಕೊಳವೆಯಲ್ಲಿ ಕಾಣುವ ನೀರಿನ ಮಟ್ಟದ ಮೇಲೆ. ಅದೂ ತಪ್ಪಿದರೆ ನೆತ್ತಿಯ ತಗಡಿನಲ್ಲಿ ಕೂರಿಸಿದ ಸೀಸದ ಬಿರಡೆ ಕರಗಿ, ಉಗಿ ಬೆಂಕಿಯ ಮೇಲೆ ಸುರಿದು ಎಚ್ಚರಿಸುತ್ತಿತ್ತು.

ಹುಲ್ಲಿನ ಹಂಗಿನಿಂದ ಬಿಡಿಸಿಕೊಂಡ ಎಂಜಿನ್ ನೀರಿನ ಹಂಗಿನಿಂದ ಬಿಡಿಸಿಕೊಳ್ಳಲಿಲ್ಲ. ಒಂದು ಕಿಲೋಗ್ರಾಂ ಕಲ್ಲಿದ್ದಲು ಐದು ಲೀಟರಿನಷ್ಟು ನೀರನ್ನು ಉಗಿ ಮಾಡುತ್ತದೆ. ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ಆಕಾಶ ಸೇರುತ್ತದೆ, ಮರಳಿ ಬರುವುದಿಲ್ಲ. ವರ್ಷಕ್ಕೆ 550 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಅನಂತಪುರದಲ್ಲಿ ಇದು ಸಣ್ಣ ಖರ್ಚಲ್ಲ. ಎಂಜಿನ್ ನೀರು ಹಿಡಿಯುವ ನಿಲ್ದಾಣಗಳಲ್ಲಿ ಬಾವಿ ಬೇಕು, ಪಂಪು ಬೇಕು, ಎತ್ತರದ ತೊಟ್ಟಿ ಬೇಕು, ಪ್ಲಾಟ್‌ಫಾರಂ ತುದಿಯಲ್ಲಿ ಸೊಂಡಿಲಿನಂಥ ಕೊಳವೆಯ ನೀರಿನ ಕಂಬ ಬೇಕು. ಸಾಲದ್ದಕ್ಕೆ ಈ ಸೀಮೆಯ ಬಾವಿನೀರು ಗಡಸು. ಅದರಲ್ಲಿ ಕರಗಿದ ಸುಣ್ಣದಂಶ ಕುದಿದಾಗ ಕೊಳವೆಗಳ ಮೇಲೆ ಗಟ್ಟಿ ಪದರವಾಗಿ ಕೂರುತ್ತದೆ. ಲೋಹದ ಹಾಗೆ ಶಾಖ ದಾಟಿಸಲಾರದ ಆ ಪದರ ದಪ್ಪವಾದಂತೆ ಒಂದು ಕಡೆ ಕಲ್ಲಿದ್ದಲು ಹೆಚ್ಚು ಸುಡುತ್ತದೆ, ಇನ್ನೊಂದು ಕಡೆ ಕೊಳವೆ ಅತಿಯಾಗಿ ಕಾದು ಹಾಳಾಗುತ್ತದೆ. ಅದಕ್ಕೇ ಬಾಯ್ಲರುಗಳನ್ನು ಆಗಾಗ ಶೆಡ್ಡಿನಲ್ಲಿ ಆರಿಸಿ, ಒಳಗೆಲ್ಲ ನೀರು ಚಿಮ್ಮಿಸಿ ಕೆರೆದು ತೊಳೆಯುವುದು ಕಡ್ಡಾಯವಾಗಿತ್ತು.

ಬಾಯ್ಲರಿನ ಮೇಲಿನ ಗುಮ್ಮಟದಲ್ಲಿ ಕೂಡಿದ ಉಗಿ ರೆಗ್ಯುಲೇಟರ್ ತೆರೆದಾಗ ಕೊಳವೆಯಲ್ಲಿ ಇಳಿದು ಎರಡು ಬದಿಯ ಸಿಲಿಂಡರುಗಳಿಗೆ ಹೋಗುತ್ತದೆ. 20ನೇ ಶತಮಾನದ ಎಂಜಿನ್ನುಗಳಲ್ಲಿ ಹೋಗುವ ಮೊದಲು ಅದನ್ನು ಬೆಂಕಿಯ ಕೊಳವೆಗಳೊಳಗೇ ಮತ್ತೊಮ್ಮೆ ಹಾಯಿಸಿ 300 ಡಿಗ್ರಿ ಮೀರಿ ಕಾಯಿಸುತ್ತಿದ್ದರು. ಜರ್ಮನಿಯ ವಿಲ್‌ಹೆಲ್ಮ್ ಶ್ಮಿಟ್ ರೂಢಿಗೆ ತಂದ ಈ ಉಪಾಯದಿಂದ ಉಗಿ ಸಿಲಿಂಡರಿನ ಗೋಡೆಗೆ ತಾಗಿ ನೀರಾಗಿ ವ್ಯರ್ಥವಾಗುವುದು ತಪ್ಪಿತು. ವೈಜಿ ಎಂಜಿನ್ನಿನ ಪಿಸ್ಟನ್ನಿನ ಅಡ್ಡಗಲ 17 ಅಂಗುಲ. 210 ಪೌಂಡ್ ಒತ್ತಡ ಅದರ ಇಡೀ ಮುಖದ ಮೇಲೆ ಬಿದ್ದರೆ ಒಟ್ಟು ತಳ್ಳು ಸುಮಾರು 21 ಟನ್. ಪಿಸ್ಟನ್ 24 ಅಂಗುಲ ಸರಿಯುತ್ತದೆ, ಕನೆಕ್ಟಿಂಗ್ ರಾಡ್ ಆ ಹಿಂದುಮುಂದಿನ ಚಲನೆಯನ್ನು ಚಕ್ರದ ತಿರುಗುವಿಕೆಯಾಗಿ ಮಾಡುತ್ತದೆ, ಚಕ್ರಗಳನ್ನು ಒಂದಕ್ಕೊಂದು ಕಟ್ಟಿದ ಪಕ್ಕದ ರಾಡು ಆ ಬಲವನ್ನು ಎಲ್ಲ ಚಕ್ರಗಳಿಗೂ ಹಂಚುತ್ತದೆ.

ಇಲ್ಲಿ ಡ್ರೈವರನ ಜಾಣ್ಮೆಗೆ ದೊಡ್ಡ ಪಾತ್ರವಿದೆ. ಬಂಡಿ ಹೊರಡುವಾಗ ಪಿಸ್ಟನ್ನಿನ ಓಟದ ಬಹುಪಾಲು ಹೊತ್ತು ಉಗಿ ಬಿಡಬೇಕು, ಇಲ್ಲದಿದ್ದರೆ ಕದಲುವುದಿಲ್ಲ. ವೇಗ ಹಿಡಿದ ಮೇಲೆ ವಾಲ್ವು ಬೇಗನೆ ಮುಚ್ಚುವಂತೆ ಮಾಡಿ, ಓಟದ ನಾಲ್ಕನೇ ಒಂದು ಭಾಗದಷ್ಟು ಮಾತ್ರ ಉಗಿ ಬಿಟ್ಟು, ಒಳಗೆ ಸಿಕ್ಕಿಬಿದ್ದ ಉಗಿ ತಾನೇ ಹಿಗ್ಗುತ್ತ ಪಿಸ್ಟನ್ನನ್ನು ಕೊನೆಯವರೆಗೆ ತಳ್ಳುವಂತೆ ಬಿಡುತ್ತಾರೆ. ಹಿಗ್ಗುವಾಗ ಉಗಿ ತಣ್ಣಗಾಗುತ್ತದೆ. ಅದು ಕಳೆದುಕೊಂಡ ಶಾಖವೇ ಚಲನೆಯಾಗುತ್ತದೆ. ಉಗಿಯಂತ್ರದ ತಿರುಳು ಇದು. ಜೇಮ್ಸ್ ವಾಟ್ 18ನೇ ಶತಮಾನದಲ್ಲೇ ಇದನ್ನು ಕಂಡುಕೊಂಡಿದ್ದ.

ಕೆಲಸ ಮುಗಿಸಿದ ಉಗಿ ಚಿಮಣಿಯ ಬುಡದಲ್ಲಿರುವ ಸಣ್ಣ ಬಾಯಿಯಿಂದ ಮೇಲಕ್ಕೆ ಚಿಮ್ಮುತ್ತದೆ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಕೇಳುವ ಸದ್ದು ಅದರದು. ಚಿಮ್ಮುವಾಗ ಅದು ಮುಂದಿನ ಹೊಗೆಪೆಟ್ಟಿಗೆಯ ಅನಿಲವನ್ನೂ ಎಳೆದೊಯ್ಯುತ್ತದೆ. ಆ ಎಳೆತಕ್ಕೆ ಕೊಳವೆಗಳ ಮೂಲಕ ಬೆಂಕಿಯ ಅನಿಲ ಬರುತ್ತದೆ, ಸರಳುಗಳ ಕೆಳಗಿನಿಂದ ಹೊಸ ಗಾಳಿ ನುಗ್ಗುತ್ತದೆ. ಏರಿನಲ್ಲಿ ಎಂಜಿನ್ ಹೆಚ್ಚು ಉಗಿ ಬಳಸಿದಷ್ಟೂ ಚಿಮ್ಮು ಬಲವಾಗುತ್ತದೆ, ಬೆಂಕಿ ಭುಗಿಲೇಳುತ್ತದೆ, ಹೆಚ್ಚು ಉಗಿ ಹುಟ್ಟುತ್ತದೆ. ಯಾರೂ ಮುಟ್ಟದೆ ಬೇಡಿಕೆಗೆ ತಕ್ಕಂತೆ ಬೆಂಕಿ ತಾನಾಗಿ ಏರುವ ಈ ಏರ್ಪಾಡು ಇಲ್ಲದಿದ್ದರೆ ಮಾಕಳಿದುರ್ಗದ ಏರಿನಂಥ ಕಡೆ ಬಂಡಿ ನಿಂತೇಬಿಡುತ್ತಿತ್ತು.

ಆ ಏರಿನ ಲೆಕ್ಕವನ್ನು ಹಾಕಿ ನೋಡಬಹುದು. ಎಂಜಿನ್ ಸೇರಿ 300 ಟನ್ ತೂಗುವ ಬಂಡಿಯನ್ನು 300 ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 880 ಮೆಗಾಜೂಲ್, ಅಂದರೆ 44 ಕಿಲೋಗ್ರಾಂ ಕಲ್ಲಿದ್ದಲಿನ ಶಾಖ. ನೂರು ಕಿಲೋಮೀಟರ್ ಉದ್ದಕ್ಕೂ ಹಳಿ, ಅಚ್ಚು, ಗಾಳಿಗಳ ತಡೆಯನ್ನು ಮೀರಲು, ಟನ್ನಿಗೆ ನಾಲ್ಕು ಕಿಲೋಗ್ರಾಂ ಎಳೆತವೆಂದು ಹಿಡಿದರೆ, ಇನ್ನೊಂದು 1,180 ಮೆಗಾಜೂಲ್. ಎರಡೂ ಸೇರಿ ಒಂದು ಕ್ವಿಂಟಲ್ ಕಲ್ಲಿದ್ದಲು ಸಾಕು. ಆದರೆ ಉಗಿ ಎಂಜಿನ್ ತಿಂದ ಶಾಖದಲ್ಲಿ ಚಕ್ರಕ್ಕೆ ಮುಟ್ಟಿಸುವುದು ನೂರಕ್ಕೆ ಆರರಷ್ಟು. ಹಾಗಾಗಿ ಹಿಂದೂಪುರದಿಂದ ಬೆಂಗಳೂರಿಗೆ ಏರಲು ಸುಡಬೇಕಾದದ್ದು 1,700 ಕಿಲೋಗ್ರಾಂ. ಅದಕ್ಕೆ ಎಂಟು ಸಾವಿರ ಲೀಟರಿಗೂ ಹೆಚ್ಚು ನೀರು.

ಉಳಿದ 94 ಪಾಲು ಹೋದದ್ದೆಲ್ಲಿ? ಮೂರನೇ ಒಂದರಷ್ಟು ಬಾಯ್ಲರಿನಲ್ಲೇ ಕಳೆಯುತ್ತದೆ: ಬಿಸಿಯಾಗಿಯೇ ಹೊರಟ ಹೊಗೆ, ಎಳೆತಕ್ಕೆ ಸಿಕ್ಕಿ ಹಾರಿಹೋದ ಕಲ್ಲಿದ್ದಲಿನ ಕಣ, ಬೂದಿಯಲ್ಲಿ ಉಳಿದ ಇಂಗಾಲ. ಉಗಿಗೆ ಸೇರಿದ ಶಾಖದ ಬಹುಪಾಲು ನೀರನ್ನು ಉಗಿಯಾಗಿಸಲು ಬೇಕಾದ ಗುಪ್ತೋಷ್ಣ. ಅದು ಪಿಸ್ಟನ್ನನ್ನು ತಳ್ಳುವುದಿಲ್ಲ, ಉಗಿಯ ಜೊತೆಗೇ ಚಿಮಣಿಯಿಂದ ಹೊರಬೀಳುತ್ತದೆ. ಫ್ರಾನ್ಸಿನ ಯುವ ಎಂಜಿನಿಯರ್ ಸಾದಿ ಕಾರ್ನೊ 1824ರಲ್ಲೇ ಇದಕ್ಕೊಂದು ಮಿತಿಯನ್ನು ತೋರಿಸಿದ್ದ. ಶಾಖದಿಂದ ಎಷ್ಟು ಚಲನೆ ಸಿಕ್ಕೀತು ಎಂಬುದು ಬಿಸಿ ತುದಿಗೂ ತಣ್ಣನೆ ತುದಿಗೂ ಇರುವ ಅಂತರವನ್ನು ಅವಲಂಬಿಸಿದೆ. 200 ಡಿಗ್ರಿಯಲ್ಲಿ ಹುಟ್ಟಿ 100 ಡಿಗ್ರಿಯಲ್ಲಿ ಹೊರಬೀಳುವ ಉಗಿ, ಯಾವ ತಡೆಯೂ ಇಲ್ಲದ ಪರಿಪೂರ್ಣ ಯಂತ್ರದಲ್ಲೂ ನೂರಕ್ಕೆ 21ಕ್ಕಿಂತ ಹೆಚ್ಚು ಕೊಡಲಾರದು. ವಾಟ್ ಮಾಡಿದ್ದಂತೆ ಉಗಿಯನ್ನು ತಣ್ಣೀರಿನ ಕಂಡೆನ್ಸರಿಗೆ ಬಿಟ್ಟರೆ ಅಂತರ ಹೆಚ್ಚುತ್ತಿತ್ತು. ಆದರೆ ಹಳಿಯ ಮೇಲೆ ಓಡುವ ಯಂತ್ರ ಕೆರೆಯಷ್ಟು ತಣ್ಣೀರನ್ನು ಹೊರಲಾರದು, ಉಗಿ ಚಿಮಣಿಯಿಂದ ಚಿಮ್ಮದಿದ್ದರೆ ಅದರ ಬೆಂಕಿಯೂ ಉರಿಯದು.

ಇಷ್ಟು ಪೋಲು ಮಾಡುವ ಯಂತ್ರ ಎತ್ತನ್ನು ಸೋಲಿಸಿತು. ಆದರೆ ಮೈಸೂರು ಸೀಮೆಯಲ್ಲಿ ಉಗಿ ರೈಲುಹಾದಿಗಿಂತ ಬೇಗ ಸೋತ ಒಂದು ಜಾಗವೂ ಉಂಟು, ಕೋಲಾರದ ಚಿನ್ನದ ಗಣಿ. ಅಲ್ಲಿ ಅದುರು ಎತ್ತುವ, ನೀರು ಮೇಲೆತ್ತುವ, ಕಲ್ಲು ಕುಟ್ಟುವ ಕೆಲಸವೆಲ್ಲ ಉಗಿಯದಾಗಿತ್ತು. ಸುತ್ತಲಿನ ಸೌದೆ ತೀರುತ್ತ ಬಂದು, ಕಲ್ಲಿದ್ದಲಿನ ಬೆಲೆ ಭಾರವಾಯಿತು. 1902ರ ಜೂನ್ 30ರಂದು ಶಿವನಸಮುದ್ರದಿಂದ 92 ಮೈಲಿ ತಂತಿಯಲ್ಲಿ ಹರಿದು ಬಂದ ವಿದ್ಯುತ್ ಆ ಕೆಲಸವನ್ನು ವಹಿಸಿಕೊಳ್ಳತೊಡಗಿತು. ನಿಂತಲ್ಲೇ ತಿರುಗುವ ಯಂತ್ರಕ್ಕೆ ತಂತಿ ಎಳೆಯುವುದು ಸುಲಭ. ಹಿಂದೂಪುರದ ಹಾದಿಯಲ್ಲಿ ಓಡುವ ಬಂಡಿಗೆ ಆ ಅನುಕೂಲ ಬರಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ರೈಲು ಬಂದ ಮೇಲೆ ಹಿಂದೂಪುರ ಬೆಳೆಯಿತು. ಬೆಲ್ಲ, ಹುಣಸೆಹಣ್ಣು, ಮುಂದೆ ಕಡಲೆಕಾಯಿಗಳ ದೊಡ್ಡ ವ್ಯಾಪಾರದ ಊರಾಗಿ, ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರಗಳ ಕನ್ನಡ ಮಾತಾಡುವ ಹಳ್ಳಿಗಳ ಫಸಲು ಗಾಡಿಯೇರಿ ಅಲ್ಲಿಗೆ ಬಂದು ಬಂಡಿ ಹತ್ತತೊಡಗಿತು. ಎತ್ತಿನ ಗಾಡಿ ಇಲ್ಲವಾಗಲಿಲ್ಲ, ಅದರ ಓಟ ಮಾತ್ರ ನಿಲ್ದಾಣದವರೆಗೆ ಎಂದಾಯಿತು. 1905ರಲ್ಲಿ ಬಳ್ಳಾರಿಯಿಂದ ರಾಯದುರ್ಗಕ್ಕೆ ಇನ್ನೊಂದು ಮೀಟರ್‌ಗೇಜ್ ಮಾರ್ಗ ಬಂತು. ಅದರ ಆಚೆಯ ಕಲ್ಯಾಣದುರ್ಗಕ್ಕೆ ರೈಲು ಮುಟ್ಟಿದ್ದು ಉಗಿಯ ಕಾಲವೆಲ್ಲ ಕಳೆದು 21ನೇ ಶತಮಾನದಲ್ಲಿ.

1908ರಲ್ಲಿ ಸದರ್ನ್ ಮರಾಠಾ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರ ಏಪ್ರಿಲ್ 14ರಂದು ಅದೂ ಮೈಸೂರು ಸ್ಟೇಟ್ ರೈಲ್ವೆಯೂ ದಕ್ಷಿಣ ರೈಲ್ವೆಯಲ್ಲಿ ಸೇರಿದವು. ಸರಕಿಗೆ ವೈಜಿ, ಪ್ರಯಾಣಿಕರ ಬಂಡಿಗೆ ವೈಪಿ ಎಂಜಿನ್ನುಗಳು ಬಂದದ್ದು ಆ ನಂತರದ ವರ್ಷಗಳಲ್ಲಿ. ಅವುಗಳಲ್ಲಿ ಹಲವು ಜಮ್‌ಶೆಡ್‌ಪುರದ ಟೆಲ್ಕೋ ಕಾರ್ಖಾನೆಯಲ್ಲಿ ತಯಾರಾದವು. ಭಾರತೀಯ ರೈಲ್ವೆ 1972ಕ್ಕೆ ಉಗಿ ಎಂಜಿನ್ ಕಟ್ಟುವುದನ್ನು ನಿಲ್ಲಿಸಿತು. ಗುಂತಕಲ್–ಬೆಂಗಳೂರು ಹಾದಿ 1980ರ ದಶಕದ ಆರಂಭದಲ್ಲಿ ಬ್ರಾಡ್‌ಗೇಜ್ ಆದಾಗ ಅಲ್ಲಿನ ಮೀಟರ್‌ಗೇಜಿನ ಉಗಿಬಂಡಿಗಳ ಕಾಲ ಮುಗಿಯಿತು. ಡೀಸೆಲ್ ಎಂಜಿನ್ ಶಾಖದ ಮೂರನೇ ಒಂದರಷ್ಟನ್ನು ಕೆಲಸಕ್ಕೆ ಹಚ್ಚುತ್ತದೆ, ನೀರಿನ ಕಂಬವನ್ನು ಬೇಡುವುದಿಲ್ಲ, ಸಲಿಕೆ ಹಿಡಿಯುವವರನ್ನೂ ಬೇಡುವುದಿಲ್ಲ. 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಈ ಸೀಮೆಯ ಉಗಿ ಎಂಜಿನ್ನುಗಳನ್ನು ಹತ್ತಿರದಿಂದ ನೋಡಬಹುದು.

ಈಗ ಹಿಂದೂಪುರದ ಹಾದಿಯ ಮೇಲೆ ವಿದ್ಯುತ್ ತಂತಿ ಇದೆ. ಆ ವಿದ್ಯುತ್ತಿನ ದೊಡ್ಡ ಪಾಲು ಇಂದಿಗೂ ಹುಟ್ಟುವುದು ಕಲ್ಲಿದ್ದಲು ಸುಟ್ಟು ನೀರು ಕುದಿಸಿಯೇ. 1985ರಿಂದ ನಡೆಯುತ್ತಿರುವ ರಾಯಚೂರಿನ ಶಾಖೋತ್ಪನ್ನ ಸ್ಥಾವರಕ್ಕೂ, ಕಡಪ ಜಿಲ್ಲೆಯ ಮುದ್ದನೂರಿನ ಬಳಿಯ ರಾಯಲಸೀಮೆ ಸ್ಥಾವರಕ್ಕೂ ಸಿಂಗರೇಣಿಯ ಕಲ್ಲಿದ್ದಲು ಬರುತ್ತದೆ. ಅಲ್ಲಿ ಪಿಸ್ಟನ್ನಿನ ಬದಲು ಟರ್ಬೈನ್ ಇದೆ, ಉಗಿ 500 ಡಿಗ್ರಿ ಮೀರಿ ಕಾಯುತ್ತದೆ, ಎಂಜಿನ್ನಿನ ಮೇಲೆ ಹೊರಲಾಗದಿದ್ದ ಕಂಡೆನ್ಸರ್ ಅದನ್ನು ತಣಿಸಿ ಮತ್ತೆ ನೀರಾಗಿಸಿ ಬಾಯ್ಲರಿಗೆ ಕಳಿಸುತ್ತದೆ. ಕಾರ್ನೊ ಹೇಳಿದ ಎರಡು ತುದಿಗಳ ಅಂತರ ಅಷ್ಟು ಹಿಗ್ಗಿದ್ದರಿಂದ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಪಾಲು ಶಾಖ ವಿದ್ಯುತ್ತಾಗುತ್ತದೆ. ಇತ್ತ ಮಡಕಶಿರಾದ ನೆರೆಯ ಪಾವಗಡ ತಾಲ್ಲೂಕಿನಲ್ಲಿ, ಅದೇ ಮಳೆಯಿಲ್ಲದ ನೆಲದ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ 2019ರ ಕೊನೆಗೆ ಪೂರ್ತಿಯಾಗಿ ಕೆಲಸಕ್ಕೆ ಬಂತು. ಅಲ್ಲಿ ಬೆಂಕಿಯೂ ಇಲ್ಲ, ಉಗಿಯೂ ಇಲ್ಲ. ಬಿಸಿಲು ನೇರವಾಗಿ ವಿದ್ಯುತ್ತಾಗುತ್ತದೆ.